ಹುಲಗೇಶ ಕಪ್ಪೆಮರಿ ತಿಂದನಂತೆ

"ಬಾಯಿ ತೆಗಿ! ಇನ್ನೂ ಅಗಲ ತೆಗಿ!"

ಗಾನವಿ ತಮ್ಮನ ಬಾಯಿಗೆ ಟಾರ್ಚ್ ಹಿಡಿದು ನೋಡಿದಳು. ಒಂದು ಹುಳುಕು ಹಲ್ಲು ಬಿಟ್ಟರೆ ಏನೂ ಕಾಣಲಿಲ್ಲ.

"ನಾ ತಿಂದಿಲ್ಲ ಅಕ್ಕಾ," ಎಂದ ಹುಲಗೇಶ.

"ಮತ್ತ ಜಾಡಿಯಾಗ ಎಂಟು ಕಪ್ಪಿಮರಿ ಇದ್ದವು. ಈಗ ಮೂರೇ ಅದಾವ. ಉಳಿದವು ಮೆಟ್ರೋ ಹತ್ತಿ ಹೋದವೇನು?"

ಐದು ವರ್ಷದ ಹುಲಗೇಶನ ಹೆಸರು ಮೊದಲೇ ಕೆಟ್ಟಿತ್ತು. ಚಾಕ್‌ಪೀಸ್, ರಬ್ಬರ್, ಒಮ್ಮೆ ಅವ್ವನ ಹಣೆಯ ಟಿಕಳಿ, ಎಲ್ಲ ಅವನ ಹೊಟ್ಟೆ ಸೇರಿದ್ದವು. ಹಾಗಾಗಿ ಗಾನವಿಯ ಮಾತನ್ನು ಎಲ್ಲರೂ ನಂಬಿದರು. ಅವ್ವ ಅವನಿಗೆ ಅಜವಾನದ ನೀರು ಕುಡಿಸಿದಳು. ಪಕ್ಕದ ಫ್ಲ್ಯಾಟಿನ ನಲಿನಿ ಆಂಟಿ, "ಏನಪಾ, ಹೊಟ್ಯಾಗ ವಟರ್ ವಟರ್ ಅಂತೈತೇನು?" ಎಂದು ನಕ್ಕರು.

ಹುಲಗೇಶ ಮಂಚದ ಕೆಳಗೆ ತೂರಿಕೊಂಡ.

ಗಾನವಿ ಬಾಲ್ಕನಿಯಲ್ಲಿ ಗಾಜಿನ ಜಾಡಿಯ ಮುಂದೆ ಕಾವಲು ಕುಳಿತಳು. ಕೆಳಗೆ ಗಚ್ಚಿಬೌಲಿಯ ರಸ್ತೆಯಲ್ಲಿ ಕ್ಯಾಬ್‌ಗಳು ಹಾರ್ನ್ ಹೊಡೆಯುತ್ತಿದ್ದವು. ಜಾಡಿಯ ತಳದಲ್ಲಿ, ಕಪ್ಪೆಮರಿಗಳ ಜೊತೆ ಕೆರೆಯಿಂದ ತಂದ ಪಾಚಿಯ ನಡುವೆ, ಕೆಸರು ಬಣ್ಣದ ಹುಳವೊಂದು ಬಿದ್ದಿತ್ತು. ಆರು ಕಾಲು, ದೊಡ್ಡ ಕಣ್ಣು. ಸತ್ತಿದೆ ಎಂದೇ ಅವಳು ತಿಳಿದಿದ್ದಳು.

ಒಂದು ಕಪ್ಪೆಮರಿ ಬಾಲ ಅಲ್ಲಾಡಿಸುತ್ತ ಅದರ ಮುಂದೆ ಹಾದುಹೋಯಿತು.

ಚಟ್!

ಹುಳ ತನ್ನ ಗದ್ದದ ಕೆಳಗೆ ಮಡಚಿಟ್ಟಿದ್ದ ತುಟಿಯನ್ನು ಕೈಯಂತೆ ಚಾಚಿ, ಕಪ್ಪೆಮರಿಯನ್ನು ಹಿಡಿದು ಬಾಯಿಗೆಳೆದುಕೊಂಡಿತು. ಓಡಲಿಲ್ಲ, ಬೆನ್ನಟ್ಟಲಿಲ್ಲ. ಕುಳಿತಲ್ಲೇ ಅಗಿಯತೊಡಗಿತು. ಗಾನವಿ ಜಾಡಿಯನ್ನು ತಟ್ಟಿದಳು. ಹುಳ ಹಿಂದಿನಿಂದ ಪುಸಕ್ಕನೆ ನೀರು ಚಿಮ್ಮಿಸಿ, ರಾಕೆಟ್ಟಿನಂತೆ ಮುಂದೆ ನುಗ್ಗಿತು. ಬಾಯೊಳಗಿನದನ್ನು ಮಾತ್ರ ಬಿಡಲಿಲ್ಲ.

"ಅವ್ವಾ, ಲಗೂ ಬಾ!"

ಅವ್ವ ಬಗ್ಗಿ ನೋಡಿದಳು. "ಏರೋಪ್ಲೇನ್ ಚಿಟ್ಟಿ ಮರಿ ಇದು. ರೆಕ್ಕಿ ಬರೋತನಕ ನೀರಾಗ ಹಿಂಗ ಹಿಡಕೊಂಡು ತಿಂತೈತಿ. ಪಾಪ, ನಮ್ಮ ಹುಲಗ್ಯಾ!"

ಗಾನವಿಯ ಕಿವಿ ಬಿಸಿಯಾಯಿತು. ಉಳಿದ ಎರಡು ಮರಿಗಳನ್ನು ಬಕೆಟ್ಟಿಗೆ ಬಿಟ್ಟು, ಮಂಚದ ಬಳಿ ಬಗ್ಗಿದಳು.

"ಹುಲಗ್ಯಾ, ಹೊರಗ ಬಾ."

"ಬರಂಗಿಲ್ಲ. ನಾ ಕಪ್ಪಿ ತಿನ್ನಾಂವ."

ಗಾನವಿ ಎದ್ದಳು. ಆಮೇಲೆ ಮನೆಯ ಬಾಗಿಲು ತೆರೆದು, ನಲಿನಿ ಆಂಟಿಗೂ ಕೇಳುವಂತೆ ಕೂಗಿದಳು: "ನಮ್ಮ ಹುಲಗೇಶ ಕಪ್ಪಿಮರಿ ತಿಂದಿಲ್ಲಾ! ನಾನೇ ನೋಡಲಾರದ ಹೇಳಿದ್ದೆ!"

ಮಂಚದ ಕೆಳಗಿನಿಂದ ತಲೆಯೊಂದು ಹೊರಬಂತು.

ಬಾಲ್ಕನಿಗೆ ಬಂದ ಹುಲಗೇಶ ಜಾಡಿಗೆ ಮೂಗು ಒತ್ತಿದ. ಹುಳ ಮತ್ತೊಮ್ಮೆ ನೀರು ಚಿಮ್ಮಿಸಿತು.

"ಅಕ್ಕಾ, ಹೂಸು ಬಿಟ್ಟು ಓಡತೈತಿ!" ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಕೇಳಿದ, "ಇದಕ್ಕ ಯಾರು ಬೈತಾರ?"

"ಯಾಕ ಬೈಬೇಕು? ಅದು ಊಟ ಮಾಡಾಕತ್ತೈತಿ."

"ಮತ್ತ ಯಾರಿಗೆ ಬೈಬೇಕು?"

ಗಾನವಿ, ಹುಳ ಚೆನ್ನಾಗಿ ಕಾಣುವ ಜಾಗವನ್ನು ಅವನಿಗೆ ಬಿಟ್ಟು, ಪಕ್ಕಕ್ಕೆ ಸರಿದು ಕುಳಿತಳು.