ಸೀಟ್ ಬೆಲ್ಟ್ ದೀಪ ಆರಿದ ಮೇಲೆ

"ಯಾರೋ ಶೂ ಬಿಚ್ಚಿದಾರೆ," ಅಂದ ಅವನು, ಬಹಳ ಮರ್ಯಾದೆಯಿಂದ, ಮೂಗು ಕೂಡ ಮುಚ್ಚಿಕೊಳ್ಳದೆ.

ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ರನ್‌ವೇ ಹತ್ತಿರ ಸಾಲಿನಲ್ಲಿ ನಿಂತು ಐವತ್ತು ನಿಮಿಷವಾಗಿತ್ತು. ನಾನು ಕಿಟಕಿ ಪಕ್ಕ, ಅವನು ನಡುವೆ, ಆಚೆ ಸೀಟಿನಲ್ಲಿ ನೀಲಿ ಉಲ್ಲನ್ ಹೆಣೆಯುತ್ತಿದ್ದ ಒಬ್ಬ ಅಜ್ಜಿ. ನನ್ನ ಕಾಲ ಬುಡದಲ್ಲಿ, ಮುಂದಿನ ಸೀಟಿನ ಅಡಿಯಲ್ಲಿ, ಜಾಲರಿ ಬ್ಯಾಗಿನೊಳಗೆ ನಾಯಿ ಗೋಲಿ.

"ಶೂ ಅಲ್ಲ," ಅಂದೆ. "ನಮ್ಮ ಗೋಲಿ."

'ನಮ್ಮ' ಅನ್ನೋದು ಬಾಯಿಂದ ಜಾರಿಬಿಟ್ಟಿತ್ತು. ಅವನು ತಟ್ಟನೆ ತಿರುಗಿ ನನ್ನನ್ನು ನೋಡಿದ. ನಾನು ಕಿಟಕಿ ನೋಡಿದೆ.

ನಾವು ಗಂಡ ಹೆಂಡತಿ ಬೇರೆಯಾಗಿ ಹತ್ತು ತಿಂಗಳು. ಕೋರ್ಟು ಕಚೇರಿ ಅಂತೇನೂ ಆಗಿರಲಿಲ್ಲ. ಅವನು ತನ್ನ ಪಿಟೀಲು ರಿಪೇರಿ ಅಂಗಡಿಯನ್ನು ಗಂಟುಕಟ್ಟಿ ಬೇರೆ ಊರಿಗೆ ಹೋದ, ನಾನು ಗೋಲಿ ಜೊತೆ ಹಳೇ ಮನೆಯಲ್ಲೇ ಉಳಿದೆ, ಅಷ್ಟೇ. ಈಗ ನನಗೆ ಆಸ್ಪತ್ರೆ ಹಡಗೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಕೆಲಸ ಸಿಕ್ಕಿತ್ತು. ಎರಡು ವರ್ಷ. ಹಡಗಿಗೆ ನಾಯಿ ಸೇರಿಸಲ್ಲ. 'ನಾನು ಸಾಕ್ತೀನಿ' ಅಂತ ಅವನು ಒಂದೇ ಸಾಲಿನ ಮೆಸೇಜ್ ಕಳಿಸಿ, ನಿನ್ನೆ ಬಂದಿಳಿದ. ಆದರೆ ಗೋಲಿ ಅವನ ಕೈಯಿಂದ ಬ್ಯಾಗಿಗೆ ಇಳಿಯಲೊಲ್ಲದೆ ಬೀದಿಗೆಲ್ಲ ಕೇಳುವ ಹಾಗೆ ರಂಪ ಮಾಡಿತು. ಹಾಗಾಗಿ ನಾನೂ ಹೊರಟೆ. ಬೆಳಿಗ್ಗೆ ಹೋಗಿ ಬಿಟ್ಟು, ಸಂಜೆ ವಾಪಸ್.

"ಬೆಳಿಗ್ಗೆಯಿಂದ ಏನೂ ತಿನ್ನಿಸಿಲ್ಲ. ಎರಡೇ ಗುಟುಕು ನೀರು. ಹುಲ್ಲಿನ ಮೇಲೆ ಮೂರು ಸುತ್ತು ಹೊಡೆಸಿದೀನಿ," ಅಂದೆ. "ಆದ್ರೂ ಬ್ಯಾಗೊಳಗೇ ಮಾಡ್ಕೊಂಡಿದಾಳೆ. ಇದು ಹೇಗಾಯ್ತು?"

ಅವನ ಕಿವಿ ಕೆಂಪಾಯಿತು. ತಪ್ಪು ಮಾಡಿದಾಗ ಅವನ ಕಿವಿ ಅವನಿಗಿಂತ ಮೊದಲು ಒಪ್ಪಿಕೊಳ್ಳುತ್ತದೆ.

"ಸ್ವಲ್ಪ ಚೀಸ್ ಕೊಟ್ಟೆ."

"ಎಷ್ಟು?"

"ನಾಲ್ಕು ತುಂಡು." ಜಾಲರಿಯೊಳಗೆ ಇಣುಕಿದ. "ನನ್ನ ನೆನಪಿದೆಯಾ ಅಂತ ನೋಡೋಕೆ."



ವಿಮಾನ ಮೇಲೇರಿತು, ಮೋಡದಲ್ಲಿ ಕುಲುಕಾಡಿತು. ಸೀಟ್ ಬೆಲ್ಟ್ ದೀಪ ಆರುವ ಲಕ್ಷಣವೇ ಇಲ್ಲ. ಎದ್ದು ಓಡಿಬಿಡೋಣ ಅಂತ ಕಾಲು ತವಕಿಸುತ್ತಿತ್ತು. ಗೋಲಿ ಸಣ್ಣಗೆ ಕುಂಯ್ ಅಂದಿತು. ಬಗ್ಗಿ, ಜಿಪ್ಪಿನ ಸಂದಿಯಿಂದ ಬೆರಳು ತೂರಿಸಿ ಅದರ ಕಿವಿಯ ಹಿಂದೆ ತಡವಿದೆ. ಅದೇ ಹೊತ್ತಿಗೆ ಇನ್ನೊಂದು ಸಂದಿಯಿಂದ ಅವನ ಬೆರಳೂ ಬಂತು. ತಂತಿ ಬಿಗಿದು ಬಿಗಿದು ಗಟ್ಟಿಯಾದ ತುದಿ. ಕತ್ತಲ ಬ್ಯಾಗಿನೊಳಗೆ ಯಾರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಎಷ್ಟು ವರ್ಷ ಆಯ್ತಮ್ಮ?" ಅಜ್ಜಿ ಕೇಳಿದರು.

"ಎಂಟು ಆಗುತ್ತೆ ಅವಳಿಗೆ."

"ನಾಯಿಗಲ್ಲ. ನಿಮ್ಮ ಮದುವೆಗೆ."

ಅವನು ಅಜ್ಜಿಯ ಕಡೆ ತಿರುಗಿ, "ಅದಕ್ಕೂ ಎಂಟೇ," ಅಂದ. ಮದುವೆ ಇದೆ ಅಂತಲೂ ಅನ್ನಲಿಲ್ಲ, ಇತ್ತು ಅಂತಲೂ ಅನ್ನಲಿಲ್ಲ.

"ಪಾಪ, ಗೋಲಿಗೆ ಹೊಟ್ಟೆ ಕೆಟ್ಟಿದೆ. ವಾಸನೆ ಬರ್ತಿದೆ, ಕ್ಷಮಿಸಿ," ಅಂದೆ ನಾನು.

"ಐದು ಮಕ್ಕಳನ್ನ ಬೆಳೆಸಿದೀನಿ," ಅಂದರು ಅಜ್ಜಿ, ಸೂಜಿ ನಿಲ್ಲಿಸದೆ. "ಇದೊಂದು ವಾಸನೆಯಾ?"

ಟಣ್ ಅಂತ ಸದ್ದಾಗಿ ದೀಪ ಆರಿದ್ದೇ ತಡ, ಇಬ್ಬರೂ ಎದ್ದೆವು. ಹಿಂದುಗಡೆ ಟಾಯ್ಲೆಟ್ ಬಳಿ ಗಗನಸಖಿ ಕೈಗವಸು, ಟಿಶ್ಯೂ ಕಟ್ಟು, ವಾಸನೆ ಹೀರಲಿ ಅಂತ ಕಾಫಿಪುಡಿಯ ಎರಡು ಪೊಟ್ಟಣ ಕೊಟ್ಟಳು. "ಒಬ್ಬರೇ ಒಳಗೆ ಹೋಗಿ. ನಾಯಿ ಹೊರಗೆ ಓಡದ ಹಾಗೆ ನೋಡ್ಕೊಳ್ಳಿ."

ನಾನು ಅವನ ಕೈಯಲ್ಲಿದ್ದ ಬ್ಯಾಗಿಗೆ ಕೈ ಚಾಚಿದೆ. ಅವನು ಬಿಡಲಿಲ್ಲ.

"ನಾನು ಹೋಗ್ತೀನಿ."

"ನಿಂಗೆ ವಾಕರಿಕೆ ಬರುತ್ತೆ."

"ಬರ್ಲಿ," ಅಂದು ಅಂಗಿ ತೋಳು ಮಡಚಿಕೊಂಡು ಒಳಗೆ ಹೋದ. ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು. ಆ ಸಂದಿಗೆ ನಾನು ಒದ್ದೆ ಟಿಶ್ಯೂ ಹಿಡಿದು ನಿಂತೆ.

"ಮೊದಲು ಬ್ಯಾಗಿನ ಜೇಬಿಂದ ಹೊಸ ಪ್ಯಾಡ್ ತೆಗೆದು ನೆಲಕ್ಕೆ ಹಾಸು. ಆಮೇಲೆ ಅವಳನ್ನ ತೆಗಿ. ಹಳೇ ಪ್ಯಾಡ್ ಒಳಮುಖವಾಗಿ ಸುತ್ತಿ ಕವರಿಗೆ ಹಾಕು. ಗಂಟು ಹಾಕಿ, ಅದನ್ನ ಇನ್ನೊಂದು ಕವರಿಗೆ."

"ಹೂಂ."

"ಬಾಲ ಮರೀಬೇಡ."

"ಬಾಲದ ವಿಷಯ ಎತ್ಬೇಡ ದಯವಿಟ್ಟು."

ನಗು ತಡೆಯಲಾಗಲಿಲ್ಲ. ಒಳಗಿನಿಂದಲೂ ನಗು ಕೇಳಿತು, ಮಧ್ಯೆ ಒಂದು ವಾಕರಿಕೆ, ಮತ್ತೆ ನಗು. ಅವನು ನಕ್ಕಿದ್ದನ್ನು ಕೇಳಿ ಎಷ್ಟು ದಿನವಾಗಿತ್ತು!

ಆಮೇಲೆ ಒಳಗೆ ನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತಿತ್ತು.

"ಅಪ್ಪ ಹೋದಾಗ..." ಅಂದ.

ನನ್ನ ಅಪ್ಪ. ಅವರು ತೀರಿಕೊಂಡ ಮೂರನೇ ದಿನವೇ ಇವನು ಅಂಗಡಿ ಬಾಗಿಲು ತೆಗೆದು ಕೂತಿದ್ದ. ನಾನು ತಿಂಗಳುಗಟ್ಟಲೆ ಒಬ್ಬಳೇ ಅತ್ತೆ. ಅಲ್ಲಿಂದಲೇ ನಮ್ಮಿಬ್ಬರ ನಡುವೆ ಮಾತು ಸತ್ತಿದ್ದು.

"ನೀನು ಅಳೋದು ಕೇಳ್ತಿತ್ತು. ಬಾಗಿಲ ಹತ್ರ ಬಂದು ಬಂದು ವಾಪಸ್ ಹೋಗ್ತಿದ್ದೆ. ಒಡೆದದ್ದು ಏನೇ ಇರ್ಲಿ, ಅಂಟು ಹಾಕಿ ಸರಿ ಮಾಡಿ ಅಭ್ಯಾಸ ನಂಗೆ. ಇದನ್ನ ಹೇಗೆ ಸರಿ ಮಾಡೋದು ಗೊತ್ತಾಗ್ಲಿಲ್ಲ. ಓಡಿಹೋದೆ."

"ಸರಿ ಮಾಡು ಅಂತ ಯಾರು ಕೇಳಿದ್ರು?" ಅಂದೆ. "ಬಂದಿದ್ರೆ ಸಾಕಿತ್ತು."

"ಈಗ ಗೊತ್ತು. ತಡವಾಗಿ ಗೊತ್ತಾಯ್ತು."

"ಇದನ್ನ ಮನೇಲಿ ಹೇಳೋಕೆ ಆಗ್ತಿರ್ಲಿಲ್ವಾ?"

"ನಿನ್ನ ಮುಖ ಕಂಡ್ರೆ ಮಾತು ಹೊರಡಲ್ಲ ಕಣೇ. ಎಕ್ಸ್‌ರೇ ತೆಗೆದ ಹಾಗೆ ನೋಡ್ತೀಯ."

ಹಿಂದಿನಿಂದ ಯಾರೋ ಕೆಮ್ಮಿದರು. ಟೈ ಕಟ್ಟಿದ ಒಬ್ಬ ದಪ್ಪ ಮನುಷ್ಯ. "ಇನ್ನೂ ಎಷ್ಟು ಹೊತ್ತು ಮೇಡಂ?"

"ಹತ್ತು ತಿಂಗಳದ್ದು ಬಾಕಿ ಇದೆ ಸಾರ್," ಅಂದುಬಿಟ್ಟೆ. ಕಣ್ಣು ಒರೆಸಿಕೊಳ್ಳಲು ನಾಯಿಯ ಟಿಶ್ಯೂ ಬಿಟ್ಟರೆ ಬೇರೆ ಇರಲಿಲ್ಲ. ಅವರು ನನ್ನ ಮುಖ ನೋಡಿ ಮುಂದಿನ ಟಾಯ್ಲೆಟ್ಟಿಗೆ ನಡೆದರು.

ಬಾಗಿಲು ತೆರೆಯಿತು. ಬ್ಯಾಗಿನೊಳಗೆ ಗೋಲಿ ಒದ್ದೆಯಾಗಿ ಮುದುರಿಕೊಂಡು ಮಲಗಿತ್ತು. ಅವನ ಅಂಗಿ ಮುಂಭಾಗವೆಲ್ಲ ನೆಂದಿತ್ತು, ಹಣೆಗೆ ಕಾಫಿಪುಡಿ ಮೆತ್ತಿತ್ತು. ನಾನು ಹೆಬ್ಬೆರಳಿನಿಂದ ಅದನ್ನು ಒರೆಸಿದೆ. ಅವನು ಕಣ್ಣು ಮುಚ್ಚಿ ನಿಂತುಕೊಂಡ. ಹಣೆ ಸ್ವಚ್ಛವಾಗಿ ಎಷ್ಟೋ ಹೊತ್ತಾದರೂ ನಾನು ಒರೆಸುತ್ತಲೇ ಇದ್ದೆ.

ವಿಮಾನ ಇಳಿದ ಮೇಲೆ ಹೊರಗೆ ಬೇಲಿ ಪಕ್ಕದ ಹುಲ್ಲಿಗೆ ಗೋಲಿಯನ್ನು ಬಿಟ್ಟೆವು. ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ವಾಪಸ್ ವಿಮಾನಕ್ಕೆ ಮೂರು ಗಂಟೆ ಇತ್ತು. ಅವನು ಎರಡು ಹೆಜ್ಜೆ ಆಚೆ ಹೋದ, ಈಚೆ ಬಂದ, ಮತ್ತೆ ಆಚೆ ಹೋದ.

"ಹಡಗಿಗೆ ಹೋಗ್ಬೇಡ ಅನ್ನಲ್ಲ," ಅಂದ ಕೊನೆಗೆ. ಈ ಸಲ ನನ್ನ ಮುಖ ನೋಡಿಕೊಂಡೇ. "ನೀನು ಆಸೆಪಟ್ಟ ಕೆಲಸ. ಆದ್ರೆ ಇವತ್ತೇ ಹೊರಡ್ಬೇಡ."

"ಹಡಗು ಹೊರಡೋಕೆ ಇನ್ನೂ ಹನ್ನೆರಡು ದಿನ ಇದೆ."

"ಹನ್ನೆರಡು ದಿನ," ಅಂತ ಅವನು ಮೆಲ್ಲಗೆ ಹೇಳಿಕೊಂಡ. "ಆಮೇಲೆ?"

"ನಾಲ್ಕು ತಿಂಗಳಿಗೊಮ್ಮೆ ರಜೆ. ಅರ್ಜೀಲಿ ಒಂದು ಕಾಲಂ ಇದೆ, ರಜೆಗೆ ಯಾವ ಮನೆಗೆ ಹೋಗ್ತೀರಿ ಅಂತ. ಖಾಲಿ ಬಿಟ್ಟಿದೀನಿ." ಫೋನ್ ತೆಗೆದು ಅರ್ಜಿ ತೆರೆದೆ. "ಬೇಗ ಹೇಳು."

"ಏನು?"

"ನಿನ್ನ ವಿಳಾಸ ಕಣೋ!"

ಅವನ ಕಿವಿ ಕೆಂಪಾಯಿತು. ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳಿದ: ಮನೆ ನಂಬರು, ಮೂರನೇ ಮಹಡಿ, ಕೆಳಗೆ ಸೈಕಲ್ ಅಂಗಡಿ, ಎದುರಿಗೆ ಅಂಚೆ ಕಚೇರಿ. ಕಾಲಂನಲ್ಲಿ ಜಾಗ ಮುಗಿದರೂ ಹೇಳುತ್ತಲೇ ಇದ್ದ. ಮೆಟ್ಟಿಲು ತುಂಬ ಕಡಿದು, ಹುಷಾರು. ಕರೆಗಂಟೆ ಕೆಟ್ಟಿದೆ, ಬಾಗಿಲು ತಟ್ಟು. ಒಳಗಿಂದ ಚಿಲಕ ಹಾಕಿರಲ್ಲ, ತಳ್ಳಿದ್ರೆ ತೆರೆಯುತ್ತೆ.