ಕೈಗೆಟಕುವಷ್ಟು ಎತ್ತರ

ಮಂಗಳವಾರ ಬೆಳಿಗ್ಗೆ 9.40ಕ್ಕೆ ದರ್ಜಿಯ ಹೆಂಡತಿ ಠಾಣೆಗೆ ಬಂದು ದೂರು ಬರೆಸಿದಳು. ಉಕ್ಕಿನ ಪಾದಚಾರಿ ಸೇತುವೆಯಿಂದ ತುಕ್ಕು ತಿಂದ ಪಟ್ಟಿಯೊಂದು ಕಳಚಿಬಿದ್ದು, ಕೆಳಗೆ ಹೋಗುತ್ತಿದ್ದ ಅವಳ ಗಂಡನ ಭುಜ ಮುರಿದಿತ್ತು. ಎಫ್‌ಐಆರ್ ದಾಖಲಾಯಿತು. ಸೇತುವೆಗೆ ಹಗ್ಗ ಕಟ್ಟಿ ಜನರನ್ನು ತಡೆಯಲಾಯಿತು.

ಮಧ್ಯಾಹ್ನದ ಹೊತ್ತಿಗೆ ಸೇತುವೆಯ ಬಣ್ಣದ ತಪಾಸಣಾ ವರದಿ ಇನ್‌ಸ್ಪೆಕ್ಟರ ಕೈ ಸೇರಿತು. ನಾಲ್ಕು ತಿಂಗಳ ಹಿಂದಿನದು, ಕೆಳಗೆ ತಪಾಸಕನ ಸಹಿ. ಹದಿನೆಂಟು ಕಡೆ ಪರೀಕ್ಷೆ, ಹದಿನೆಂಟೂ ಕಡೆ ಬಣ್ಣ ಗಟ್ಟಿ. ಓದಿದರೆ ಸೇತುವೆ ಮೊನ್ನೆ ಮೊನ್ನೆ ಕಟ್ಟಿದ್ದು ಅನ್ನಬೇಕು.

"ಪರೀಕ್ಷೆ ಹೇಗೆ ಮಾಡ್ತಾರೆ?" ಎಂದು ನಿರ್ವಹಣೆಯ ಎಂಜಿನಿಯರನ್ನು ಕೇಳಿದರು.

"ಬ್ಲೇಡಲ್ಲಿ ಬಣ್ಣದ ಮೇಲೆ ಚೌಕಚೌಕ ಗೀರಿ, ಟೇಪ್ ಅಂಟಿಸಿ ಕೀಳ್ತಾರೆ ಸಾರ್. ಬಣ್ಣ ಟೇಪಿನ ಜೊತೆ ಬಂದ್ರೆ ತುಕ್ಕಿಗೆ ದಾರಿಯಾಯ್ತು ಅಂತ."

"ಗೀರು ಉಳಿಯುತ್ತಾ?"

"ಮತ್ತೆ ಬಣ್ಣ ಹೊಡೆಯೋವರೆಗೂ."

3.15ಕ್ಕೆ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಹದಿನೆಂಟೂ ಗೀರು ಸಿಕ್ಕವು. ಎಲ್ಲವೂ ಕಂಬಗಳ ಬುಡದಲ್ಲಿ, ನೆಲದಲ್ಲಿ ನಿಂತವನ ಕೈಗೆಟಕುವ ಎತ್ತರದಲ್ಲಿ. ಕಾನ್‌ಸ್ಟೆಬಲ್ ಏಣಿ ಹತ್ತಿ ಮೇಲಿನ ಕೀಲುಗಳನ್ನು ನೋಡಿದರು. ಅಲ್ಲಿ ಒಂದು ಗೀರೂ ಇಲ್ಲ. ಬಣ್ಣ ಹಕ್ಕಳೆಗಟ್ಟಿತ್ತು, ಉಗುರು ತಾಗಿಸಿದರೆ ತುಕ್ಕು ಉದುರಿತು.

"ಈ ಮಹಾರಾಯ ಹತ್ತೇ ಇಲ್ಲ ಸಾರ್."

ಇನ್‌ಸ್ಪೆಕ್ಟರ ಕಣ್ಣು ವರದಿಯ ಸಹಿಗೆ ಮರಳಿತು. ಈ ಸೇತುವೆಗೇನೋ ಹಗ್ಗ ಕಟ್ಟಿದ್ದಾಯಿತು. ಆತ ಸಹಿ ಹಾಕಿದ್ದು ಇದೊಂದಕ್ಕೇ ಏನು?

5.20ಕ್ಕೆ ತಪಾಸಕನ ಮನೆಯ ಬಾಗಿಲು ತಟ್ಟಿದರು. ಅವನು ನೆಪ ಹೇಳಲಿಲ್ಲ.

"ಮೇಲೆ ಹತ್ತಿದ್ರಾ?"

"ಇಲ್ಲ."

"ಯಾಕೆ?"

"ನಾನೂ ನಮ್ಮಣ್ಣನೂ ಜೊತೆಗೇ ಈ ಕೆಲ್ಸ ಮಾಡ್ತಿದ್ವಿ. ಎರಡು ವರ್ಷದ ಹಿಂದೆ ನನ್ನ ಕಣ್ಣೆದುರೇ ಮೇಲಿಂದ ಬಿದ್ದು ತೀರ್ಕೊಂಡ. ಆಮೇಲೆ ಮೂರನೇ ಮೆಟ್ಲಿಗೇ ಕೈಕಾಲು ನಡುಗುತ್ತೆ."

"ಹೇಳ್ಬಹುದಿತ್ತಲ್ಲ."

"ಹತ್ತಕ್ಕಾಗದವನಿಗೆ ಈ ಕೆಲ್ಸ ಯಾರ್ ಕೊಡ್ತಾರೆ? ಅತ್ತಿಗೆ, ಮಕ್ಕಳು ಎಲ್ಲಾ ನಮ್ಮನೇಲೇ ಇದಾರೆ."

ಇನ್‌ಸ್ಪೆಕ್ಟರಿಗೆ ಪಾಪ ಅನಿಸಿತು, ಕೋಪವೂ ಬಂತು. ಕಾಗದ ಮುಂದಿಟ್ಟರು. "ಹತ್ತದೆ ಸಹಿ ಹಾಕಿದ್ದೆಲ್ಲಾ ಬರೀರಿ."

ಅವನು ಹನ್ನೊಂದು ಜಾಗ ಬರೆದ. ಕೊನೆಯದರಲ್ಲಿ ಕೈ ತಡೆಯಿತು: ಒಂದು ಗೋದಾಮಿನ ಉಕ್ಕಿನ ಚಾವಣಿ.

"ಅತ್ತಿಗೆ ಅಲ್ಲೇ ಪ್ಯಾಕಿಂಗ್ ಮಾಡೋದು. ಈಗ್ಲೂ ಅಲ್ಲೇ ಇದಾರೆ."

ಕಾನ್‌ಸ್ಟೆಬಲ್ ಆಗಲೇ ಫೋನು ಹಚ್ಚಿದ್ದರು. ಗೋದಾಮು ಖಾಲಿಯಾಯಿತೆಂಬ ಸುದ್ದಿ ಬರುವವರೆಗೆ ಯಾರೂ ಕೂರಲಿಲ್ಲ. ಬಂಧನದ ಸಮಯ 5.50 ಎಂದು ದಾಖಲಾಯಿತು.

ಜೀಪು ಹತ್ತುವಾಗ ಅವನೇ ಹೇಳಿದ: "ದಿನಾ ಬೆಳಿಗ್ಗೆ ಹೇಳ್ತಿದ್ದೆ ಸಾರ್, ಬಾಗಿಲ ಹತ್ರಾನೇ ಕೂತ್ಕೊಳ್ಳಿ ಅತ್ತಿಗೆ, ಗಾಳಿ ಬರುತ್ತೆ ಅಂತ."