ಮೂರನೇ ಸೀಟಿ

ಷಟರ್ ಎತ್ತಿ ಒಳಗೆ ಕಾಲಿಟ್ಟ ಕೂಡಲೇ ಮೃದುಲಾಳ ಚಪ್ಪಲಿಯಡಿ ಏನೋ ಕರಕ್ಕೆಂದಿತು. ಬಗ್ಗಿ ನೋಡಿದಳು. ಕಪ್ಪು ಚೂರು. ಆಚೆ ಇನ್ನಷ್ಟು ಚೂರುಗಳು. ಗಾಜಿನ ಪೆಟ್ಟಿಗೆ ತೆರೆದಿತ್ತು. ಹಿಂಬಾಗಿಲ ಚಿಲಕ ಕಿತ್ತುಹೋಗಿತ್ತು. ಪೆಟ್ಟಿಗೆಯಲ್ಲಿದ್ದ ಗ್ರಾಮಫೋನಿನ ಅರಗಿನ ಪ್ಲೇಟು ನೆಲಕ್ಕೆ ಬಿದ್ದು ಒಡೆದಿತ್ತು.

ನಾಗಪುರದ ಸೀತಾಬರ್ಡಿಯ ಆ ಹಳೆ ಪ್ಲೇಟುಗಳ ಅಂಗಡಿಗೆ ಅವತ್ತು ದೊಡ್ಡ ದಿನ. ತೊಂಬತ್ತು ವರ್ಷದ ಹಿಂದೆ ಅಮೆರಿಕದ ಹಳ್ಳಿ ಚರ್ಚಿನ ಬೋಧಕನೊಬ್ಬ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತ ನುಡಿಸಿದ ಭಕ್ತಿಗೀತೆ. ಉಳಿದದ್ದು ಈ ಒಂದೇ ಪ್ಲೇಟು. ಅದರಿಂದ ಹೊಸ ವಿನೈಲ್ ಪ್ಲೇಟು ಮಾಡಿಸಿದ್ದೇನೆ, ಸಂಜೆ ಐದಕ್ಕೆ ಬಿಡುಗಡೆ. ಮಾಲೀಕ ನರಹರಿ ಊರಿಗೆಲ್ಲ ಹೀಗೆ ಹೇಳಿದ್ದ.

ಮೃದುಲಾಳಿಗೆ ಗೊತ್ತಿದ್ದದ್ದು ಬೇರೆ. ಎಂಟು ದಿನದ ಹಿಂದೆ ವಿನೈಲನ್ನು ಪರೀಕ್ಷೆಗೆ ಹಾಕಿದಾಗಲೇ ಅವಳು ಗುರುತಿಸಿದ್ದಳು. ಅದು ಅಪ್ಪನ ಗಿಟಾರು. ರೈಲ್ವೆ ಗುಮಾಸ್ತ ಉಮಾಪತಿ, ಇಂಜಿನ್ ಡ್ರೈವರೊಬ್ಬ ಬಿಟ್ಟುಹೋದ ಅಂಥ ಪ್ಲೇಟುಗಳನ್ನು ಕೇಳಿ ಕೇಳಿ ಕಲಿತು, ಬಜಾಜ್ ನಗರದ ಮನೆಯ ಅಡುಗೆಮನೆ ಬಾಗಿಲಲ್ಲಿ ಕೂತು ನುಡಿಸಿದ್ದು. ಅವನು ಸತ್ತ ಹದಿನೈದನೇ ದಿನ ನರಹರಿ ಬಂದು, ಸ್ವಚ್ಛ ಮಾಡಿಕೊಡುತ್ತೇನೆಂದು ಕ್ಯಾಸೆಟ್‌ಗಳನ್ನು ಒಯ್ದಿದ್ದ. ಆಮೇಲೆ ಬೂಷ್ಟು ಹಿಡಿದಿದ್ದವು, ಎಸೆದೆ ಎಂದ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ಹುಡುಗಿಗೆ ಪ್ಲೇಟು ಒರೆಸುವ ಕೆಲಸ ಕೊಟ್ಟು ದೊಡ್ಡ ಮನುಷ್ಯನೂ ಆದ.

ಹೊಸ ಪ್ಲೇಟಿನ ಲಕೋಟೆಯ ಮೇಲೆ ಅಪ್ಪನ ಹೆಸರಿರಲಿಲ್ಲ. ಅದು ಬೇಕು. ಜನರ ಮುಂದೆ ಬೇಕು. ನರಹರಿಯ ಕೈಯಿಂದಲೇ ಬೇಕು. ಎಂಟು ದಿನದಿಂದ ಅವಳು ಅದನ್ನೇ ಮೆಲುಕು ಹಾಕುತ್ತಿದ್ದಳು.

ನರಹರಿ ಬಂದ. ತಲೆಯ ಮೇಲೆ ಕೈ ಹೊತ್ತ.

"ನಿನ್ನೆ ಬಂದು ಜಗಳ ಆಡಿದನಲ್ಲ, ಆ ಚಿದಂಬರನದೇ ಕೆಲಸ ಇದು. ಪೊಲೀಸ್‌ಗೆ ಫೋನ್ ಮಾಡ್ತೀನಿ. ನೀನು ಇದನ್ನೆಲ್ಲ ಗುಡಿಸಿ ಹಾಕು."

ಮೃದುಲಾ ಪೊರಕೆ ತಂದಳು. ಒಂದು ಕ್ಷಣ ಅವನ ಬೆನ್ನನ್ನೇ ನೋಡಿದಳು. ಆಮೇಲೆ ಪೊರಕೆ ಗೋಡೆಗೆ ಒರಗಿಸಿ, ಚೂರುಗಳನ್ನು ಒಂದೊಂದಾಗಿ ಡಬ್ಬಿಗೆ ಆರಿಸಿಕೊಂಡಳು. ಎಂಟು.

* * *

ಸಬ್ ಇನ್‌ಸ್ಪೆಕ್ಟರ್ ನಂದೀಶ ನಾಗಪುರದಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ಚಿದಂಬರನನ್ನು ಕರೆಸಿದ. ಆರ್ಡನನ್ಸ್ ಫ್ಯಾಕ್ಟರಿಯಿಂದ ನಿವೃತ್ತನಾದ ಮುದುಕ, ಹಳೆ ಪ್ಲೇಟುಗಳ ಹುಚ್ಚ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ನಿನ್ನೆ ಇಲ್ಲಿ ಬಂದು ಜಗಳ ಮಾಡಿದ್ರಂತೆ, ಕಾಕಾ?"

"ಜಗಳ ಯಾಕ? ಸಂಜಿಗೆ ಎಲ್ಲಾರ ಮುಂದ ಮೂಲ ಪ್ಲೇಟು ಹಾಕಿ ಕೇಳಸು ಅಂದೆ. ಇಲ್ಲಾಂದ್ರ ನಿನ್ನ ಕಾರ್ಯಕ್ರಮ ಆಗಾಕ ಬಿಡಂಗಿಲ್ಲ ಅಂದೆ."

"ಬೆರಳಿಗೇನಾತು?"

"ಗಿಟಾರಿನ ತಂತಿ ಮ್ಯಾಲೆ ಜಾರಸಾಕಂತ ಬಾಟ್ಲಿ ಕುತ್ತಿಗಿ ಕೊಯ್ಯಾಕತ್ತಿದ್ದೆ. ಅದು ನನ್ನನ್ನ ಕೊಯ್ತು."

"ಚಲೋ ನೆಪ ಐತಿ."

"ಸಾಹೇಬ, ಒಡಿಯೂದಾಗಿದ್ರ ನರಹರಿ ತಲಿ ಒಡೀತಿದ್ದೆ. ಪ್ಲೇಟು ಏನ್ ಪಾಪ ಮಾಡೇತಿ?"

ನಂದೀಶನಿಗೆ ನಗು ಬಂತು, ಆದರೂ ಮುದುಕನನ್ನು ಬಿಡಲಿಲ್ಲ. "ಸಂಜೀತನಕ ಇಲ್ಲೇ ಕೂಡ್ರಿ."

ಮೃದುಲಾ ಚಹಾ ಕೊಡುವ ನೆಪದಲ್ಲಿ ನಂದೀಶನ ಹತ್ತಿರ ಬಂದಳು. ತಲೆ ಎತ್ತದೆ ಹೇಳಿದಳು, "ಸಂಜಿಗೆ ನೀವೂ ಇರ್ರಿ ಸರ್. ಆ ಒಡದ ಪ್ಲೇಟು ಹಾಡತೈತಿ."

* * *

ಐದು ಗಂಟೆಗೆ ಮೂವತ್ತು ಜನ ಸೇರಿದ್ದರು. ನರಹರಿ ಗದ್ಗದಿತನಾಗಿ ಮಾತಾಡಿದ. "ಮೂಲ ಹೋಯ್ತು. ಇನ್ನು ಈ ವಿನೈಲೇ ನಮಗೆ ಮೂಲ."

ಮೃದುಲಾ ಒಳಗಿನಿಂದ ತಟ್ಟೆಯಂತೆ ಏನನ್ನೋ ಹಿಡಿದು ತಂದಳು. ಎಂಟೂ ಚೂರು ಕೂಡಿಸಿ, ಕೆಳಗಿನಿಂದ ಟೇಪು ಅಂಟಿಸಿದ ಪ್ಲೇಟು. ನರಹರಿ ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಅವಳು ಅದನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದಳು.

ಟಕ್, ಟಕ್ ಎನ್ನುವ ಬಿರುಕಿನ ಸದ್ದು. ನಡುವೆ ಹಾರ್ಮೋನಿಯಂ. ಆಮೇಲೆ ಹೆಂಗಸಿನ ಧ್ವನಿ. ಮರಾಠಿ ನಾಟಕದ ಹಾಡು.

"ಅರೇ ವ್ಹಾ," ಎಂದ ಚಿದಂಬರ. "ಬೋಧಕ ಸೀರಿ ಉಟ್ಕೊಂಡು ಬಂದಾನ."

ಜನ ನಕ್ಕರು. ನರಹರಿ ಬೇಗನೆ ಸಾವರಿಸಿಕೊಂಡ. "ಕಳ್ಳ ಅದಲುಬದಲು ಮಾಡಿದಾನೆ. ಯಾವುದೋ ರದ್ದಿ ಪ್ಲೇಟಿಗೆ ಲೇಬಲ್ ಅಂಟಿಸಿ ಒಡೆದು, ನಿಜವಾದ್ದನ್ನ ಒಯ್ದಿದಾನೆ."

"ಹಂಗಾದ್ರ ಬೆಳಿಗ್ಗೆ ಗುಡಿಸಿ ಹಾಕು ಅಂತ ಯಾಕ ಅಂದ್ರಿ?" ಮೃದುಲಾ ಸಣ್ಣ ಧ್ವನಿಯಲ್ಲಿ ಕೇಳಿದಳು. "ನಾನು ಬಂದು ಎರಡು ವರ್ಷ ಆತು. ರದ್ದಿ ಪ್ಲೇಟು ಒಡದ್ರೂ ನೀವು ಪೊರಕಿ ಮುಟ್ಟಾಕ ಬಿಟ್ಟಿಲ್ಲ. ಚೂರು ಆರಿಸು, ಹೊಂದಿಸು, ಒಂದ್ಸಲನಾದ್ರೂ ಕೇಳೋಣು ಅಂತಿದ್ರಿ. ಇವತ್ತು ಜಗತ್ತಿನಾಗ ಒಂದೇ ಇರೋ ಪ್ಲೇಟು ಒಡೀತು. ಗುಡಿಸಾಕ ಹೇಳಿದ್ರಿ. ಅದು ಹಾಡಬಾರದಾಗಿತ್ತು, ಅದಕ್ಕ."

ಅವಳು ಹೊಸ ವಿನೈಲ್ ಹಾಕಿ, ಮುಳ್ಳನ್ನು ಕೊನೆಯ ಗೆರೆಗಳ ಮೇಲಿಟ್ಟಳು. ಕರಕರ ಸದ್ದಿನ ಹಿಂದೆ ಗಿಟಾರು ಅಳುವಂತೆ ಜಾರಿತು. ದೂರದಲ್ಲಿ ಸೀಟಿ. ಮತ್ತೊಂದು. ಮೂರನೆಯದಕ್ಕೆ ಹಾಡು ಥಟ್ಟನೆ ನಿಂತಿತು.

"ರೈಲು," ಎಂದ ನರಹರಿ. "ಲಕೋಟೆ ಮೇಲೆ ಬರೆದೇ ಇದೆ, ಚರ್ಚಿನ ಪಕ್ಕ ಹಾದುಹೋದ ರೈಲು."

"ಕುಕ್ಕರ್ ಅದು. ಅವ್ವ ಬ್ಯಾಂಕಿನಿಂದ ಬರೋದರಾಗ ಅನ್ನ ಆಗಬೇಕಿತ್ತು. ಮೂರನೇ ಸೀಟಿಗೆ ಅಪ್ಪ ಕೈ ನಿಲ್ಲಸತಿದ್ದ."

"ಸಾಬೀತು ಮಾಡು."

ಅವಳು ನಂದೀಶನ ಕಡೆ ತಿರುಗಿದಳು. "ಆ ಮೂಲ್ಯಾಗಿನ ಕಬ್ಬಿಣದ ಬೀರು ತೆಗಸ್ರಿ. ಕೀಲಿ ಅವರ ಕೊರಳಾಗೈತಿ. ಅಪ್ಪನ ಕ್ಯಾಸೆಟ್ ಎಸದೆ ಅಂದಿದ್ರು. ಇವರು ಸುಳ್ಳು ಹೇಳತಾರ, ಮಂದಿ ಮ್ಯಾಲೆ ಅಪವಾದ ಹೊರಸ್ತಾರ, ಖರೆ ಮೂಲ ಧ್ವನಿ ಎಸಿಯೂದು ಇವರ ಕೈಲೆ ಆಗಂಗಿಲ್ಲ. ಒಡಿಯಾಕೂ ರದ್ದೀನ ಆರಿಸಿಕೊಂಡ್ರು ನೋಡ್ರಿ."

ನರಹರಿಯ ಕೈ ತಾನಾಗಿ ಕೊರಳಿಗೆ ಹೋಯಿತು. ನಂದೀಶನಿಗೆ ಅಷ್ಟು ಸಾಕಾಯಿತು.

ಕೆಳಗಿನ ಖಾನೆಯಲ್ಲಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ್ದ ನಾಲ್ಕು ಕ್ಯಾಸೆಟ್. ಮೇಲೆ ಉಮಾಪತಿಯ ಅಕ್ಷರ. ಎರಡನೆಯದರಲ್ಲಿ ಅದೇ ಹಾಡು. ಒಂದು ಸೀಟಿ, ಎರಡು, ಮೂರು. ವಿನೈಲ್ ನಿಂತಲ್ಲಿ ಟೇಪು ನಿಲ್ಲಲಿಲ್ಲ; ಅಪ್ಪನ ಧ್ವನಿ ಬಂತು.

"ಮೃದುಲಾ, ಮೂರಾತು. ಒಲಿ ಆರಿಸವಾ."



* * *

"ಮೂಲ ಕೇಳಸು ಅನ್ನಾಕ ನನಗ ಹೇಳಿಕೊಟ್ಟಾಕೀನ ಈಕಿ," ಎಂದು ಚಿದಂಬರ ನಂದೀಶನಿಗೆ ಹೇಳಿದ. "ಇಲ್ಲದ ಪ್ಲೇಟು ಕೇಳಿದ್ರ ಅಂವಾ ಒಡೀಲೇಬೇಕು ಅಂದಿದ್ಲು. ನನ್ನ ತಲಿಗೆ ಕಟ್ಟತಾನಂತ ಮಾತ್ರ ಹೇಳಿರ್ಲಿಲ್ಲ."

"ಅದು ನನಗೂ ಗೊತ್ತಿರ್ಲಿಲ್ಲ, ಕಾಕಾ," ಎಂದಳು ಮೃದುಲಾ.

ಅವಳು ಹೊಸ ಪ್ಲೇಟಿನ ಲಕೋಟೆಗಳ ಗುಡ್ಡೆಯನ್ನು ನರಹರಿಯ ಮುಂದಿಟ್ಟಳು. ಮೇಲೊಂದು ಪೆನ್ನು.

"ಏನು?"

"ಅಪ್ಪನ ಹೆಸರು. ಒಂದೊಂದರ ಮ್ಯಾಲೂ."

ನರಹರಿ ನಂದೀಶನನ್ನು ನೋಡಿದ. ನಂದೀಶ ಗಡಿಯಾರ ನೋಡಿಕೊಂಡ. "ಪೊಲೀಸ್ ಗಾಡಿ ಬರಾಕ ಅರ್ಧ ತಾಸು ಐತಿ. ಬರೀರಿ."

ಮೂವತ್ತು ಜನರೂ ನಿಂತೇ ಇದ್ದರು. ನರಹರಿ ಬರೆದ. ಉಮಾಪತಿ. ಉಮಾಪತಿ. ಮೃದುಲಾ ಒಂದೊಂದನ್ನೂ ಎತ್ತಿ, ಅಕ್ಷರಕ್ಕೆ ಬೆರಳಿಟ್ಟು ಓದಿ, ಬದಿಗಿಟ್ಟಳು. ಹದಿನೇಳನೆಯದರಲ್ಲಿ ಅಕ್ಷರ ಸೊಟ್ಟಗಾಗಿತ್ತು. ಅದನ್ನು ಅವನ ಮುಂದೆ ವಾಪಸ್ಸು ಸರಿಸಿದಳು.

"ಇದು ಬರೋಬರ್ ಆಗಿಲ್ಲ," ಎಂದಳು. "ಮತ್ತೊಮ್ಮೆ ಬರೀರಿ."